ವೈಟ್‌ವಾಟರ್ ದೋಣಿಯಾನ ಮತ್ತು ನದಿಯ ನೀರಿನ ಮಟ್ಟ

ವೈಟ್‌ವಾಟರ್ ದೋಣಿಯಾನದಲ್ಲಿ ನೀರಿನ ಮಟ್ಟ ಎಂದರೆ ನದಿಯ ಒಂದು ನಿಗದಿತ ಭಾಗದಲ್ಲಿ, ದೋಣಿ ಇಳಿಸುವ ಹೊತ್ತಿಗೆ, ನೀರು ಎಷ್ಟು ಎತ್ತರದಲ್ಲಿದೆ ಮತ್ತು ಎಷ್ಟು ಪ್ರಮಾಣದಲ್ಲಿ ಹರಿಯುತ್ತಿದೆ ಎಂಬುದರ ಅಳತೆ. ಆ ಭಾಗವನ್ನು ಕಯಾಕ್, ಕ್ಯಾನೂ ಅಥವಾ ರಾಫ್ಟ್‌ನಲ್ಲಿ ಇಳಿಯಬಹುದೇ, ಇಳಿದರೆ ಎಷ್ಟು ಕಷ್ಟ, ಅಪಾಯ ಎಲ್ಲಿದೆ ಎಂಬುದನ್ನು ಬೇರೆ ಎಲ್ಲಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಈ ಅಳತೆಯೇ. ಬಂಡೆಗಳೂ ತಿರುವುಗಳೂ ಇಳಿಜಾರೂ ಇದ್ದಲ್ಲೇ ಇದ್ದರೂ ನೀರು ಹೆಚ್ಚುಕಡಿಮೆಯಾದರೆ ದೋಣಿಗರಿಗೆ ನದಿ ಬೇರೆಯೇ ಆಗುತ್ತದೆ. ನೀರು ಏರಿದಷ್ಟೂ ಕಷ್ಟ ಏರುತ್ತದೆ ಎಂಬ ಎಣಿಕೆ ಎಲ್ಲ ಕಡೆಯೂ ನಿಲ್ಲುವುದಿಲ್ಲ. ಒಂದೇ ಭಾಗದ ಒಂದು ರಾಪಿಡ್ ನೀರು ಹೆಚ್ಚಿದಾಗ ಸುಲಭವಾದರೆ, ಅದರ ಮುಂದಿನದು ದಾಟಲಾಗದಂತಾಗಬಹುದು.

ಪರಿಭಾಷೆ

ಈ ಲೇಖನದಲ್ಲಿ ‘ಮಟ್ಟ’ ಎಂದರೆ ಅಳತೆಗೋಲಿನ ಮೇಲೆ ಕಾಣುವ ನೀರಿನ ಎತ್ತರ. ‘ಹರಿವು’ ಎಂದರೆ ಒಂದು ಸೆಕೆಂಡಿನಲ್ಲಿ ನದಿಯ ಅಡ್ಡಕೊಯ್ತವನ್ನು ದಾಟುವ ನೀರಿನ ಗಾತ್ರ. ದೋಣಿ ಇಳಿಸುವ ಜಾಗದಿಂದ ಮೇಲೆತ್ತುವ ಜಾಗದವರೆಗಿನ ನದಿಭಾಗವನ್ನು ‘ಓಟ’ ಎನ್ನಲಾಗಿದೆ. ಇಳಿಜಾರು, ಬಂಡೆ ಅಥವಾ ಇಕ್ಕಟ್ಟಿನಿಂದಾಗಿ ನೀರು ನೊರೆಯೆದ್ದು ರಭಸದಿಂದ ಹರಿಯುವ ಜಾಗ ‘ರಾಪಿಡ್’. ಬಂಡೆಯ ಹಿಂದೆ ಅಥವಾ ದಡದ ಮರೆಯಲ್ಲಿ ನೀರು ತಿರುಗಿ ಮೇಲ್ಮುಖವಾಗಿ ಹರಿಯುವ ತಾಣ ‘ಎಡ್ಡಿ’. ದೋಣಿಗರು ನಿಂತು ಉಸಿರಾಡುವುದು, ಮುಂದಿನ ದಾರಿ ನೋಡುವುದು ಇಲ್ಲಿ. ಮುಳುಗಿದ ಬಂಡೆಯ ಮೇಲಿಂದ ಧುಮುಕಿದ ನೀರು ಕೆಳಗೆ ಮಗುಚಿ ಹಿಂದಕ್ಕೆ ಉರುಳುವ ಜಾಗ ‘ಹೋಲ್’. ಮರದ ಕೊಂಬೆ, ಬೇಲಿ ಮುಂತಾದವು ನೀರನ್ನು ಬಿಟ್ಟು ಮನುಷ್ಯರನ್ನೂ ದೋಣಿಯನ್ನೂ ತಡೆದು ಹಿಡಿಯುವ ಅಡಚಣೆ ‘ಸ್ಟ್ರೇನರ್’. ದೋಣಿಯನ್ನು ಹೊತ್ತು ದಡದ ಮೇಲಿಂದ ರಾಪಿಡ್ ದಾಟುವುದು ‘ಪೋರ್ಟೇಜ್’.

ಹಿನ್ನೆಲೆ

ಕಯಾಕ್ ಆರ್ಕ್‌ಟಿಕ್ ತೀರದ ಇನ್ಯೂಟ್ ಜನರ ಬೇಟೆದೋಣಿ. ಅದು ಹುಟ್ಟಿದ್ದು ಕಡಲಿಗಾಗಿ. ನದಿಯ ರಭಸದಲ್ಲಿ ದೋಣಿ ನಡೆಸುವ ಆಧುನಿಕ ಪರಂಪರೆಗೆ ಎರಡು ಮೂಲಗಳಿವೆ. ಒಂದು, ನದಿಗಳ ಭೂಪಟ ಬರೆಯಲು ಹೊರಟ ಸಾಹಸಯಾನಗಳು. ಜಾನ್ ವೆಸ್ಲಿ ಪೊವೆಲ್ 1869ರಲ್ಲಿ ನಾಲ್ಕು ಮರದ ದೋಣಿಗಳೊಂದಿಗೆ ಗ್ರೀನ್ ಮತ್ತು ಕೊಲೊರಾಡೊ ನದಿಗಳನ್ನು ಇಳಿದದ್ದು ಇವುಗಳಲ್ಲಿ ಹೆಸರಾದದ್ದು. ಇನ್ನೊಂದು ಮೂಲ ಯುರೋಪಿನದು. ಜರ್ಮನಿಯ ಹಾನ್ಸ್ ಕ್ಲೆಪ್ಪರ್ 1907ರ ಸುಮಾರಿಗೆ ತಯಾರಿಸತೊಡಗಿದ ಮಡಚುವ ಕಯಾಕನ್ನು ರೈಲಿನಲ್ಲಿ ಒಯ್ಯಬಹುದಾಗಿತ್ತು, ಅದರಿಂದ ಆಲ್ಪ್ಸ್‌ನ ಹೊಳೆಗಳು ನಗರವಾಸಿಗಳಿಗೆ ತೆರೆದುಕೊಂಡವು. ಎರಡನೇ ಮಹಾಯುದ್ಧದ ನಂತರ ಸೇನೆಯ ಮಿಗುತೆ ರಬ್ಬರ್ ರಾಫ್ಟ್‌ಗಳು ಅಮೆರಿಕದ ನದಿಗಳಿಗೆ ಬಂದವು. 1970ರ ದಶಕದಲ್ಲಿ ಬಂಡೆಯ ಹೊಡೆತ ತಾಳುವ ಪ್ಲಾಸ್ಟಿಕ್ ಕಯಾಕ್ ಬಂತು. ಪ್ಲಾಸ್ಟಿಕ್ ಬಂದ ಮೇಲೆ, ಮೊದಲು ದೋಣಿ ಒಡೆಯುವ ಭಯದಿಂದ ಬಿಟ್ಟಿದ್ದ ಕಡಿಮೆ ನೀರಿನ ಕಲ್ಲುಹೊಳೆಗಳಲ್ಲೂ ಇಳಿಯುವುದು ಸಾಧ್ಯವಾಯಿತು.

ಮಟ್ಟವನ್ನು ಅಂಕಿಯಲ್ಲಿ ಹೇಳುವ ಪದ್ಧತಿ ದೋಣಿಗರದಲ್ಲ, ನೀರಾವರಿ ಎಂಜಿನಿಯರುಗಳದು. ಅಮೆರಿಕದ ಭೂಗರ್ಭ ಸರ್ವೇಕ್ಷಣೆ ತನ್ನ ಮೊದಲ ನದಿಮಾಪನ ಕೇಂದ್ರವನ್ನು 1889ರಲ್ಲಿ ನ್ಯೂ ಮೆಕ್ಸಿಕೋದ ಎಂಬುಡೊದಲ್ಲಿ, ರಿಯೋ ಗ್ರಾಂಡೆ ನದಿಯ ಮೇಲೆ ಸ್ಥಾಪಿಸಿತು. ಜಮೀನಿಗೆ ಎಷ್ಟು ನೀರು ಸಿಗುತ್ತದೆ ಎಂದು ತಿಳಿಯಲು ಆರಂಭವಾದ ಈ ಜಾಲದ ಅಂಕಿಗಳು ಮುಂದೆ ದೋಣಿಗರ ಕೈಪಿಡಿಗಳಿಗೆ ಆಧಾರವಾದವು. 1954ರಲ್ಲಿ ಸ್ಥಾಪನೆಯಾದ ‘ಅಮೆರಿಕನ್ ವೈಟ್‌ವಾಟರ್’ ಸಂಸ್ಥೆ ಪೋಷಿಸಿಕೊಂಡು ಬಂದ ಅಂತರರಾಷ್ಟ್ರೀಯ ಕಠಿಣತಾ ಮಾನ ರಾಪಿಡ್‌ಗಳನ್ನು ಒಂದರಿಂದ ಆರರವರೆಗಿನ ದರ್ಜೆಗಳಲ್ಲಿ ವಿಂಗಡಿಸುತ್ತದೆ. ಒಂದನೇ ದರ್ಜೆ ಸಣ್ಣ ಅಲೆಗಳ ಹರಿನೀರು. ಆರನೆಯದು ನಿಪುಣರೂ ಪ್ರಾಣ ಪಣವಿಡಬೇಕಾದದ್ದು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಮಾತ್ರ ಒಂದರಿಂದ ಹತ್ತರ ಪ್ರತ್ಯೇಕ ಮಾನ ಬಳಕೆಯಲ್ಲಿದೆ. ದರ್ಜೆ ಎಂಬುದು ರಾಪಿಡ್‌ಗೆ ಅಂಟಿದ ಸ್ಥಿರ ಗುಣವಲ್ಲ, ಯಾವ ಹರಿವಿನಲ್ಲಿ ಎಂದು ಹೇಳದ ದರ್ಜೆ ಅರ್ಧ ಮಾಹಿತಿ ಮಾತ್ರ.

ಅಳತೆ

ಭಾರತದಲ್ಲೂ ಅಮೆರಿಕದಲ್ಲೂ ಹರಿವನ್ನು ಸೆಕೆಂಡಿಗೆ ಘನ ಅಡಿಯಲ್ಲಿ, ಅಂದರೆ ಕ್ಯೂಸೆಕ್‌ನಲ್ಲಿ ಹೇಳುವುದು ರೂಢಿ. ಕೆಆರ್‌ಎಸ್, ಆಲಮಟ್ಟಿ ಜಲಾಶಯಗಳ ಒಳಹರಿವು ಹೊರಹರಿವಿನ ಸುದ್ದಿಯಿಂದ ಕನ್ನಡ ಓದುಗರಿಗೆ ಈ ಪದ ಪರಿಚಿತ. ಯುರೋಪ್ ಮತ್ತಿತರ ಕಡೆ ಸೆಕೆಂಡಿಗೆ ಘನ ಮೀಟರ್, ಅಂದರೆ ಕ್ಯುಮೆಕ್ ಬಳಕೆಯಲ್ಲಿದೆ. ಒಂದು ಕ್ಯುಮೆಕ್ ಸುಮಾರು 35.3 ಕ್ಯೂಸೆಕ್‌ಗೆ ಸಮ. ಒಂದು ದಿನ ಪೂರ್ತಿ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ, ಆಗುತ್ತದೆ.

ಹರಿವನ್ನು ಪ್ರತಿ ಗಳಿಗೆ ನೇರವಾಗಿ ಅಳೆಯುವುದು ಕಷ್ಟ. ಆದ್ದರಿಂದ ಮಾಪನ ಕೇಂದ್ರಗಳು ಎತ್ತರವನ್ನು ಓದಿ, ಮೊದಲೇ ಅಳೆದು ಸಿದ್ಧಪಡಿಸಿದ ಮಟ್ಟ-ಹರಿವಿನ ವಕ್ರರೇಖೆಯಿಂದ ಹರಿವನ್ನು ಲೆಕ್ಕಹಾಕುತ್ತವೆ. ನೆರೆ ಬಂದು ತಳದ ಮರಳೂ ಕಲ್ಲೂ ಸರಿದರೆ ಹಳೆಯ ವಕ್ರರೇಖೆ ತಪ್ಪುತ್ತದೆ, ಹೊಸದಾಗಿ ಅಳೆಯಬೇಕಾಗುತ್ತದೆ. ಕೇಂದ್ರವಿಲ್ಲದ ಹೊಳೆಗಳಲ್ಲಿ ಸೇತುವೆಯ ಕಂಬಕ್ಕೆ ಬಳಿದ ಅಡಿಪಟ್ಟಿ, ಇಳಿಯುವ ಜಾಗದ ಒಂದು ಗೊತ್ತಾದ ಬಂಡೆ ಅಥವಾ ಮೆಟ್ಟಿಲು ಅಳತೆಗೋಲಾಗುತ್ತದೆ. ‘ಬಂಡೆ ಮುಳುಗಿದ್ದರೆ ಇಳಿಯಬೇಡಿ’ ಎಂಬಂಥ ಸ್ಥಳೀಯ ನಿಯಮ ಕೆಲವೊಮ್ಮೆ ದೂರದ ಕೇಂದ್ರದ ಅಂಕಿಗಿಂತ ನಂಬಿಕಸ್ತ.

ಅಂಕಿಯನ್ನು ಓದುವಾಗ ಅದು ಎಲ್ಲಿಯದು, ಯಾವ ಹೊತ್ತಿನದು, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಮೂರನ್ನೂ ನೋಡಬೇಕು. ಕೇಂದ್ರಕ್ಕೂ ಓಟಕ್ಕೂ ನಡುವೆ ದೊಡ್ಡ ಉಪನದಿ ಸೇರಿದರೆ ಅಂಕಿಯ ಅರ್ಥ ಬದಲಾಗುತ್ತದೆ. ಏರುವ ನದಿ ದಡದ ಮರ, ಕಸ, ದಿಮ್ಮಿಗಳನ್ನು ಎತ್ತಿಕೊಂಡು ಬರುತ್ತದೆ. ಅದೇ ಮಟ್ಟದಲ್ಲಿ ಇಳಿಯುತ್ತಿರುವ ನದಿಯಲ್ಲಿ ಇವು ಕಡಿಮೆ.

ಮಟ್ಟ ಏರಿದಾಗ ನದಿಯೊಳಗಿನ ಬದಲಾವಣೆ

ಹರಿವು ಎಂದರೆ ಅಡ್ಡಕೊಯ್ತದ ವಿಸ್ತೀರ್ಣ ಮತ್ತು ವೇಗಗಳ ಗುಣಲಬ್ಧ. ಹೆಚ್ಚಿದ ನೀರನ್ನು ನದಿ ಅಗಲವಾಗಿ, ಆಳವಾಗಿ ಅಥವಾ ಬೇಗವಾಗಿ ಹರಿದು ಸಾಗಿಸುತ್ತದೆ. ಯಾವುದು ಎಷ್ಟು ಎಂಬುದು ಕಣಿವೆಯ ಆಕಾರಕ್ಕೆ ಬಿಟ್ಟದ್ದು. ಬಯಲಿನ ನದಿ ದಡ ಮೀರಿ ಹರಡುತ್ತದೆ. ಕಲ್ಲುಗೋಡೆಗಳ ಕಮರಿಯಲ್ಲಿ ಹರಡಲು ಎಡೆಯಿಲ್ಲ, ನೀರು ಎತ್ತರಕ್ಕೇ ಏರಬೇಕು. ಕಮರಿಯ ಓಟಗಳಲ್ಲಿ ಸ್ವಲ್ಪ ಮಳೆಗೂ ಸ್ವಭಾವ ಪೂರ್ತಿ ಬದಲಾಗುವುದು ಇದರಿಂದ.

ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರ ಈಗಲೂ ಈ ಲೆಕ್ಕಕ್ಕೆ ಆಧಾರ. ಅಗಲವಾದ, ಒಂದೇ ಇಳಿಜಾರಿನ ಕಾಲುವೆಗೆ ಅದನ್ನು ಅನ್ವಯಿಸಿದರೆ, ಆಳ ಇಮ್ಮಡಿಯಾದಾಗ ವೇಗ ಸುಮಾರು 1.6 ಪಟ್ಟು, ಹರಿವು ಸುಮಾರು 3.2 ಪಟ್ಟು ಆಗುತ್ತದೆ. ದೋಣಿಗರಿಗೆ ಇದಕ್ಕಿಂತ ಮುಖ್ಯವಾದದ್ದು ಒತ್ತುವ ಬಲ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ಇದೇ ಉದಾಹರಣೆಯಲ್ಲಿ ಎರಡೂವರೆ ಪಟ್ಟು. ಸೆಕೆಂಡಿಗೆ 1.5 ಮೀಟರ್ ವೇಗದ ನೀರು ಬಂಡೆಗೆ ಸಿಕ್ಕಿಬಿದ್ದ ದೋಣಿಯ ಅರ್ಧ ಚದರ ಮೀಟರ್ ಮೈಮೇಲೆ ಸುಮಾರು 57 ಕಿಲೋ ತೂಕದಷ್ಟು ಒತ್ತುತ್ತದೆ. ವೇಗ 3 ಮೀಟರ್ ಆದರೆ ಒತ್ತಡ 230 ಕಿಲೋ ಸಮೀಪಕ್ಕೆ ಹೋಗುತ್ತದೆ. ಮೊದಲನೆಯದನ್ನು ಇಬ್ಬರು ಎಳೆದು ಬಿಡಿಸಬಹುದು, ಎರಡನೆಯದಕ್ಕೆ ಹಗ್ಗ ಮತ್ತು ರಾಟೆ ಬೇಕು.

ಒಂದು ಬಂಡೆ ನೀರಿನ ಏರಿಕೆಯಲ್ಲಿ ಹಲವು ರೂಪ ತಾಳುತ್ತದೆ. ನೀರು ಕಡಿಮೆ ಇದ್ದಾಗ ಅದು ಸುತ್ತಿ ಹೋಗಬೇಕಾದ ಅಡಚಣೆ, ಅದರ ಹಿಂದೆ ಒಳ್ಳೆಯ ಎಡ್ಡಿ. ನೀರು ತಲೆಯ ಮೇಲೆ ತೆಳುವಾಗಿ ಹರಿಯತೊಡಗಿದಾಗ ಎಡ್ಡಿ ಅಳಿದು ಹೋಲ್ ಹುಟ್ಟುತ್ತದೆ. ಇನ್ನಷ್ಟು ಏರಿದರೆ ಹೋಲ್ ಬಲಗೊಂಡು ದೋಣಿಯನ್ನು ಹಿಡಿದಿಟ್ಟುಕೊಳ್ಳುವಷ್ಟಾಗುತ್ತದೆ. ಅದನ್ನೂ ಮೀರಿದರೆ ಹೋಲ್ ‘ನಿಂತಲೆ’, ಅಂದರೆ ಇದ್ದಲ್ಲೇ ನಿಂತಿರುವ ಅಲೆ, ಆಗುತ್ತದೆ, ಕೊನೆಗೆ ಬಂಡೆ ಇತ್ತೆಂಬ ಗುರುತೇ ಇಲ್ಲದಂತೆ ನೀರು ಹಾಯುತ್ತದೆ. ಒಂದು ರಾಪಿಡ್‌ನಲ್ಲಿ ಹತ್ತಾರು ಬಂಡೆಗಳು ಹತ್ತಾರು ಎತ್ತರಗಳಲ್ಲಿ ಇರುವುದರಿಂದ ಪ್ರತಿ ಮಟ್ಟದಲ್ಲೂ ಕೆಲವು ಹೋಲ್‌ಗಳು ಹುಟ್ಟುತ್ತಿರುತ್ತವೆ, ಕೆಲವು ಸಾಯುತ್ತಿರುತ್ತವೆ. ಹಾಗಾಗಿ ಕಷ್ಟದ ರೇಖೆ ನೇರವಾಗಿ ಏರದೆ ಹತ್ತಿಳಿಯುತ್ತದೆ.

ಅಡ್ಡಗಟ್ಟೆಗಳಲ್ಲಿ ಈ ನಿಯಮ ಇನ್ನೂ ಕರಾರುವಾಕ್ಕು. ಕಟ್ಟೆಯ ಮೇಲಿಂದ ಬಿದ್ದ ವೇಗದ ನೀರು ಕೆಳಗಿನ ನಿಧಾನ ನೀರನ್ನು ಕೂಡುವಾಗ ಆಗುವ ಹಠಾತ್ ಏರಿಕೆಗೆ ಜಲನೆಗೆತ ಎನ್ನುತ್ತಾರೆ. ಕೆಳಗಿನ ನೀರು ಕಡಿಮೆಯಿದ್ದರೆ ನೆಗೆತ ಕಟ್ಟೆಯಿಂದ ದೂರ ಸಾಗುತ್ತದೆ. ಕೆಳಗಿನ ಮಟ್ಟ ಏರಿದಂತೆ ಅದು ಕಟ್ಟೆಯ ಬುಡಕ್ಕೆ ಬಂದು, ಮುಳುಗಿ, ಮೇಲ್ಮೈ ನೀರನ್ನು ಕಟ್ಟೆಯ ಕಡೆಗೇ ಎಳೆಯತೊಡಗುತ್ತದೆ. ಸಿಕ್ಕಿದವರು ತಿರುಗಿ ತಿರುಗಿ ಒಳಗೇ ಉಳಿಯುತ್ತಾರೆ. ಮಹಾಪೂರ ಬಂದಾಗ ನೆಗೆತವೇ ಮಾಯ. ನೋಡಲು ಶಾಂತವಾಗಿ ಕಾಣುವ ನಡುಮಟ್ಟವೇ ಅತ್ಯಂತ ಮಾರಕ. ಕಾವೇರಿ, ತುಂಗಭದ್ರಾ ಕಣಿವೆಗಳ ಹಳೆಯ ಅಣೆಕಟ್ಟೆಗಳನ್ನು ದೋಣಿಯಲ್ಲಿ ದಾಟಲು ಹೋಗಬಾರದು ಎಂಬುದಕ್ಕೆ ಇದೇ ಕಾರಣ.

ಮಟ್ಟದ ಹಂತಗಳು

ಕೈಪಿಡಿಗಳು ಸಾಮಾನ್ಯವಾಗಿ ಒಂದು ಓಟಕ್ಕೆ ಕನಿಷ್ಠ, ಉತ್ತಮ ಮತ್ತು ಗರಿಷ್ಠ ಹರಿವನ್ನು ಸೂಚಿಸುತ್ತವೆ. ಈ ಅಂಕಿಗಳು ಆ ಓಟಕ್ಕೆ ಮಾತ್ರ. ಸಣ್ಣ ಹೊಳೆಗೆ 500 ಕ್ಯೂಸೆಕ್ ನೆರೆಯಾದರೆ ದೊಡ್ಡ ನದಿಗೆ ಅದು ತಳ ಒದ್ದೆಯಾಗುವಷ್ಟೇ.

ಕಡಿಮೆ ನೀರಿನಲ್ಲಿ ವೇಗ ಕಡಿಮೆ, ತಪ್ಪು ತಿದ್ದಿಕೊಳ್ಳಲು ಸಮಯ ಹೆಚ್ಚು. ಇದರಿಂದ ಹೊಸಬರಿಗೆ ಸುರಕ್ಷಿತ ಎಂಬ ಭಾವನೆ ಹುಟ್ಟುತ್ತದೆ, ಅದು ಅರ್ಧ ನಿಜ. ದಾರಿಗಳು ಕಿರಿದಾಗುತ್ತವೆ, ದೋಣಿಯ ಮೂತಿ ಕಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಬಂಡೆಸಂದುಗಳಲ್ಲಿ ನೀರು ಜಾಲರಿಯಂತೆ ಸೋರುವ ಜಾಗಗಳು ಬಾಯ್ತೆರೆಯುತ್ತವೆ. ಮೊಣಕಾಲುದ್ದದ ಹರಿನೀರಿನಲ್ಲಿ ಎದ್ದು ನಿಲ್ಲಲು ಹೋಗಿ ಪಾದ ಕಲ್ಲಿನ ಸಂದಿಗೆ ಸಿಕ್ಕಿ ಮುಳುಗುವುದು ಕಡಿಮೆ ನೀರಿನ ಅಪಾಯವೇ.

ಮಧ್ಯಮ ನೀರಿನಲ್ಲಿ ಮುಖ್ಯ ದಾರಿ ಸ್ಪಷ್ಟ, ಎಡ್ಡಿಗಳು ಗಟ್ಟಿ, ಅಲೆಗಳು ಕ್ರಮಬದ್ಧ. ದರ್ಜೆ ನಿಗದಿ ಮಾಡುವುದು ಸಾಮಾನ್ಯವಾಗಿ ಈ ಹಂತಕ್ಕೆ. ಹೆಚ್ಚು ನೀರಿನಲ್ಲಿ ಎಡ್ಡಿಗಳು ದಡದ ಮರಗಳೊಳಗೆ ಸರಿಯುತ್ತವೆ, ಎರಡು ರಾಪಿಡ್‌ಗಳ ನಡುವಿನ ಮಡುಗಳು ಅಳಿದು ಒಂದೇ ಉದ್ದನೆಯ ರಾಪಿಡ್ ಆಗುತ್ತದೆ. ಬಿದ್ದವರು ಈಜುವ ದೂರ ಹೆಚ್ಚುತ್ತದೆ, ದೋಣಿ ಹಿಡಿಯುವುದು ಕಷ್ಟವಾಗುತ್ತದೆ. ಪ್ರವಾಹದಲ್ಲಿ ಇಷ್ಟರ ಜೊತೆಗೆ ತೇಲಿಬರುವ ಮರ, ಮುಳುಗಿದ ಸೇತುವೆ, ತಂತಿಬೇಲಿ ಸೇರುತ್ತವೆ.

ನೀರಿನ ಮೂಲಕ್ಕೆ ತಕ್ಕ ಬಗೆಗಳು

ಮಳೆಯ ನದಿಗಳಲ್ಲಿ ಮಟ್ಟ ಗಂಟೆಗಳ ಲೆಕ್ಕದಲ್ಲಿ ಬದಲಾಗುತ್ತದೆ; ಜಲಾನಯನ ಚಿಕ್ಕದಾದಷ್ಟೂ ಏರಿಳಿತ ಚುರುಕು. ಹಿಮ ಮತ್ತು ಹಿಮನದಿಗಳ ನೀರು ಬಿಸಿಲಿಗೆ ಅನುಸರಿಸಿ ದಿನಕ್ಕೊಮ್ಮೆ ಏರಿಳಿಯುತ್ತದೆ. ಮಧ್ಯಾಹ್ನ ಕರಗಿದ ನೀರು ಕೆಳಗಿನ ಓಟಕ್ಕೆ ಸಂಜೆಯೋ ರಾತ್ರಿಯೋ ತಲುಪುವುದರಿಂದ ಹಿಮಾಲಯದ ಯಾನಗಳು ಬೆಳಿಗ್ಗೆ ಬೇಗ ಹೊರಡುತ್ತವೆ. ಲಡಾಖಿನ ಝಂಸ್ಕಾರ್ ಈ ಬಗೆಯ ತುತ್ತತುದಿ. ಜುಲೈ-ಆಗಸ್ಟ್‌ನಲ್ಲಿ ತುಂಬಿ ರಾಫ್ಟಿಂಗ್ ನಡೆಯುವ ಅದೇ ಕಮರಿಯಲ್ಲಿ ಚಳಿಗಾಲಕ್ಕೆ ಜನ ಹೆಪ್ಪುಗಟ್ಟಿದ ನದಿಯ ಮೇಲೆ ನಡೆದು ಹೋಗುತ್ತಾರೆ. ನೀರಿನ ತಂಪೂ ಲೆಕ್ಕಕ್ಕೆ ಬರುತ್ತದೆ. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ರಾಪಿಡ್ ಅನ್ನು ಒಂದು ದರ್ಜೆ ಮೇಲೆಣಿಸುವ ರೂಢಿಯಿದೆ.

ಋಷಿಕೇಶದ ಮೇಲಿನ ಗಂಗೆ ಮಿಶ್ರ ಬಗೆ. ದೇವಪ್ರಯಾಗದಲ್ಲಿ ಕೂಡುವ ಎರಡು ಕವಲುಗಳಲ್ಲಿ ಅಲಕನಂದಾ ಹಿಮನೀರನ್ನು ತರುತ್ತದೆ, ಭಾಗೀರಥಿಯ ಹರಿವನ್ನು 260.5 ಮೀಟರ್ ಎತ್ತರದ ಟೆಹ್ರಿ ಅಣೆಕಟ್ಟು ನಿಯಂತ್ರಿಸುತ್ತದೆ. ಕೌಡಿಯಾಲಾದಿಂದ ಋಷಿಕೇಶದವರೆಗಿನ ಓಟದಲ್ಲಿ ‘ದಿ ವಾಲ್’, ‘ರೋಲರ್ ಕೋಸ್ಟರ್’, ‘ಗಾಲ್ಫ್ ಕೋರ್ಸ್’ ಮುಂತಾದ ರಾಪಿಡ್‌ಗಳಿವೆ. ಮಳೆಗಾಲದ ಉಬ್ಬರದಲ್ಲಿ ವಾಣಿಜ್ಯ ರಾಫ್ಟಿಂಗ್ ನಿಲ್ಲುತ್ತದೆ.

ಜಾಂಬೆಜಿ ನದಿಯ ಬಟೋಕಾ ಕಮರಿ ಒಂದೇ ಓಟ ಎರಡು ಓಟವಾಗುವುದಕ್ಕೆ ನಿದರ್ಶನ. ವಿಕ್ಟೋರಿಯಾ ಜಲಪಾತದ ಕೆಳಗೆ ರಾಪಿಡ್‌ಗಳಿಗೆ ಸಂಖ್ಯೆಗಳೇ ಹೆಸರು. ಆಗಸ್ಟ್‌ನಿಂದ ವರ್ಷದ ಕೊನೆಯವರೆಗಿನ ಕಡಿಮೆ ನೀರಿನಲ್ಲಿ ಯಾನ ಮೊದಲ ರಾಪಿಡ್‌ನಿಂದಲೇ ಹೊರಡುತ್ತದೆ, ಒಂಬತ್ತನೆಯದಾದ ‘ಕಮರ್ಷಿಯಲ್ ಸೂಯಿಸೈಡ್’ ಅನ್ನು ಪ್ರಯಾಣಿಕರು ನಡೆದು ದಾಟುತ್ತಾರೆ. ನೀರು ಹೆಚ್ಚಿದಾಗ ಮೇಲಿನ ರಾಪಿಡ್‌ಗಳನ್ನು ಬಿಟ್ಟು ಹನ್ನೊಂದರ ಆಸುಪಾಸಿನಲ್ಲಿ ಇಳಿಯುತ್ತಾರೆ, ಮಹಾಪೂರದ ವಾರಗಳಲ್ಲಿ ಎಲ್ಲವೂ ಬಂದ್.

ಅಣೆಕಟ್ಟಿನ ಕೆಳಗಿನ ನದಿಗಳಲ್ಲಿ ಮಟ್ಟವನ್ನು ತೀರ್ಮಾನಿಸುವುದು ವೇಳಾಪಟ್ಟಿ. ವೆಸ್ಟ್ ವರ್ಜೀನಿಯಾದ ಗಾಲಿ ನದಿಯಲ್ಲಿ ಪ್ರತಿ ಶರತ್ಕಾಲ ಸಮ್ಮರ್ಸ್‌ವಿಲ್ ಜಲಾಶಯ ಖಾಲಿ ಮಾಡುವಾಗ ದೋಣಿಯಾನಕ್ಕೆಂದೇ ಸುಮಾರು 2,800 ಕ್ಯೂಸೆಕ್ ಬಿಡಲಾಗುತ್ತದೆ. ಇದಕ್ಕೆ 1986ರ ಅಮೆರಿಕನ್ ಕಾನೂನಿನ ಬೆಂಬಲವಿದೆ. ಕೃತಕ ಓಟಗಳಲ್ಲಿ ಹರಿವು ಪೂರ್ತಿ ಮನುಷ್ಯನ ಕೈಯಲ್ಲಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗಾಗಿ ಆಗ್ಸ್‌ಬರ್ಗ್‌ನಲ್ಲಿ ಸಿದ್ಧವಾದ ಐಸ್ಕನಾಲ್ ಇಂಥ ಮೊದಲ ಒಲಿಂಪಿಕ್ ಓಟ. 2012ರ ಲಂಡನ್ ಒಲಿಂಪಿಕ್ಸ್‌ನ ಲೀ ವ್ಯಾಲಿಯಲ್ಲಿ ಪಂಪುಗಳು ಸೆಕೆಂಡಿಗೆ 13 ಘನ ಮೀಟರ್ ನೀರೆತ್ತಿ, 300 ಮೀಟರ್ ಉದ್ದದ ಓಟದಲ್ಲಿ ಹರಿಸುತ್ತವೆ. ಸ್ಪರ್ಧಿಗಳ ಸಮಯವನ್ನು ಹೋಲಿಸಬೇಕಾದರೆ ಎಲ್ಲರಿಗೂ ಒಂದೇ ನೀರು ಸಿಗಬೇಕು.

ಕೊಲೊರಾಡೊ, 1983

ಹರಿವಿನ ಬದಲಾವಣೆ ಒಂದು ರಾಪಿಡ್‌ಗೆ ಏನು ಮಾಡಬಲ್ಲದು ಎಂಬುದು ಅತಿ ಚೆನ್ನಾಗಿ ದಾಖಲಾದದ್ದು ಗ್ರ್ಯಾಂಡ್ ಕ್ಯಾನ್ಯನ್‌ನ ಕ್ರಿಸ್ಟಲ್ ರಾಪಿಡ್‌ನಲ್ಲಿ. 1966ರ ಡಿಸೆಂಬರ್‌ನಲ್ಲಿ ಉಪಕಣಿವೆಯಿಂದ ಕಲ್ಲುಮಣ್ಣಿನ ಪ್ರವಾಹ ನುಗ್ಗಿ ಕೊಲೊರಾಡೊ ನದಿಯನ್ನು ಇಕ್ಕಟ್ಟು ಮಾಡಿದಾಗ ಅದುವರೆಗೆ ಸಾಧಾರಣವಾಗಿದ್ದ ಕ್ರಿಸ್ಟಲ್ ಭಾರಿ ರಾಪಿಡ್ ಆಯಿತು. ಮೇಲಿನ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನೆರೆಗಳನ್ನು ತಡೆದಿದ್ದರಿಂದ ಆ ರಾಶಿ ಕೊಚ್ಚಿಹೋಗದೆ ಉಳಿಯಿತು. 1983ರ ಬೇಸಿಗೆಯಲ್ಲಿ ಅತಿಯಾಗಿ ಹಿಮ ಕರಗಿ ಜಲಾಶಯ ತುಂಬಿದಾಗ ಕೋಡಿ ತೆರೆಯಬೇಕಾಯಿತು, ಹೊರಹರಿವು 90,000 ಕ್ಯೂಸೆಕ್ ಮೀರಿತು. ಇಕ್ಕಟ್ಟಿನಲ್ಲಿ 5ರಿಂದ 6 ಮೀಟರ್ ಎತ್ತರದ ನಿಂತಲೆ ಎದ್ದು ದೊಡ್ಡ ಮೋಟಾರು ರಾಫ್ಟ್‌ಗಳನ್ನೂ ಮಗುಚಿತು, ಒಬ್ಬ ಪ್ರಯಾಣಿಕ ಸತ್ತ. ಭೂವಿಜ್ಞಾನಿ ಸೂಸನ್ ಕೀಫರ್ ಈ ಅಲೆ ಜಲನೆಗೆತವೇ ಎಂದೂ, ನೆರೆಯು ರಾಶಿಯನ್ನು ಕೊರೆದು ಕಾಲುವೆಯನ್ನು ಅಗಲಿಸಿತು ಎಂದೂ 1985ರಲ್ಲಿ ವಿವರಿಸಿದರು. ಪ್ರವಾಹ ಇಳಿದ ಮೇಲೆ ಉಳಿದದ್ದು ಮೊದಲಿನ ಕ್ರಿಸ್ಟಲ್ ಅಲ್ಲ.

1983ರ ಜೂನ್ ತಿಂಗಳಲ್ಲಿ ಕೆಂಟನ್ ಗ್ರುವಾ, ರೂಡಿ ಪೆಟ್ಶೆಕ್ ಮತ್ತು ಸ್ಟೀವ್ ರೆನಾಲ್ಡ್ಸ್ ‘ಎಮರಾಲ್ಡ್ ಮೈಲ್’ ಎಂಬ ಮರದ ಹುಟ್ಟುದೋಣಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನ 277 ಮೈಲಿಗಳನ್ನು 36 ಗಂಟೆ 38 ನಿಮಿಷಗಳಲ್ಲಿ ಇಳಿದರು. ಕ್ರಿಸ್ಟಲ್ ಅವರ ದೋಣಿಯನ್ನೂ ಮಗುಚಿತ್ತು.

ಕರ್ನಾಟಕದಲ್ಲಿ

ರಾಜ್ಯದ ಎರಡು ಮುಖ್ಯ ಓಟಗಳು ನೀರಿನ ಮೂಲದಲ್ಲಿ ಪರಸ್ಪರ ವಿರುದ್ಧ. ಉತ್ತರ ಕನ್ನಡದ ಕಾಳಿ ನದಿಯ ರಾಫ್ಟಿಂಗ್ ಗಣೇಶಗುಡಿಯಲ್ಲಿ, 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಕೆಳಗೆ ನಡೆಯುತ್ತದೆ. ಸುಮಾರು 147 ಟಿಎಂಸಿ ಸಾಮರ್ಥ್ಯದ ಸೂಪಾ ಮಳೆಗಾಲದ ನೀರನ್ನು ಹಿಡಿದಿಟ್ಟು, ತಲಾ 50 ಮೆಗಾವಾಟ್‌ನ ಎರಡು ವಿದ್ಯುತ್ ಘಟಕಗಳ ಮೂಲಕ ವರ್ಷವಿಡೀ ಬಿಡುತ್ತದೆ. ಹೀಗಾಗಿ ಸುತ್ತಲ ಹಳ್ಳಗಳು ಬತ್ತಿದ ಬೇಸಿಗೆಯಲ್ಲೂ ಕಾಳಿಯಲ್ಲಿ ರಾಫ್ಟ್ ತೇಲುತ್ತದೆ. ಅಂದಿನ ಮಟ್ಟ ವಿದ್ಯುತ್ ಬೇಡಿಕೆಗೆ ತಕ್ಕಂತೆ, ಆಕಾಶದ ಮೋಡಕ್ಕೆ ತಕ್ಕಂತೆ ಅಲ್ಲ. ಇಲ್ಲಿನ ರಾಪಿಡ್‌ಗಳು ಹೆಚ್ಚಾಗಿ ಎರಡು, ಮೂರನೇ ದರ್ಜೆಯವು.

ದಕ್ಷಿಣ ಕೊಡಗಿನ ಬಾರಪೊಳೆ ಬ್ರಹ್ಮಗಿರಿಯ ಮಳೆಯನ್ನೇ ನಂಬಿದ ಹೊಳೆ; ಸ್ಥಳೀಯವಾಗಿ ಕಿತ್ತು ಕಕ್ಕಟ್ಟು ಎಂಬ ಹೆಸರೂ ಇದೆ. ಕೇರಳದ ವಳಪಟ್ಟಣಂ ನದಿಯನ್ನು ಸೇರುವ ಇದರ ಮೇಲ್ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ರಾಫ್ಟಿಂಗ್. ‘ಮಾರ್ನಿಂಗ್ ಕಾಫಿ’, ‘ಗ್ರಾಸ್‌ಹಾಪರ್’, ‘ವಿಕೆಡ್ ವಿಚ್’ ಮುಂತಾದ ರಾಪಿಡ್‌ಗಳು ಮಟ್ಟಕ್ಕೆ ತಕ್ಕಂತೆ ಎರಡರಿಂದ ನಾಲ್ಕನೇ ದರ್ಜೆಯವರೆಗೆ ಏರುತ್ತವೆ. ಆಗುಂಬೆ ಸೀಮೆಯ ಮಳೆ ಕುಡಿಯುವ ಸೀತಾನದಿಯೂ ಇದೇ ಬಗೆಯದು. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚಿರುವುದರಿಂದ ಹೊಳೆ ಒಂದೆರಡು ಗಂಟೆಗಳಲ್ಲೇ ಬಣ್ಣ ಬದಲಿಸಬಹುದು.

ಸುರಕ್ಷತೆ

ಮಟ್ಟ ತಿಳಿಯದೆ ಇಳಿಯಬಾರದು ಎಂಬುದು ಮೊದಲ ನಿಯಮ. ಹೊಸ ಮಟ್ಟದಲ್ಲಿ ಹಳೆಯ ರಾಪಿಡ್ ಅನ್ನೂ ದಡಕ್ಕೆ ಹತ್ತಿ ನೋಡಿಯೇ ಇಳಿಯುತ್ತಾರೆ. ಏರುತ್ತಿರುವ ನೀರಿಗೆ ಲಕ್ಷಣಗಳಿವೆ: ಬಣ್ಣ ಕೆಂಪಾಗುವುದು, ಎಲೆ ಕಡ್ಡಿಗಳು ತೇಲಿಬರುವುದು, ದಡದ ಒಣಕಲ್ಲುಗಳು ಒಂದೊಂದಾಗಿ ಮುಳುಗುವುದು. ಅಣೆಕಟ್ಟಿನ ಕೆಳಗೆ ಈ ಲಕ್ಷಣಗಳಿಗೂ ಸಮಯ ಸಿಗದಿರಬಹುದು. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯಲ್ಲಿ ಲಾರ್ಜಿ ಜಲಾಶಯದಿಂದ ಬಿಟ್ಟ ನೀರು ಬಿಯಾಸ್ ನದಿಯ ದಡದಲ್ಲಿ ಇಳಿದಿದ್ದ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೊಚ್ಚಿಕೊಂಡು ಹೋಯಿತು. ಅವರು ದೋಣಿಯಲ್ಲಿ ಇರಲಿಲ್ಲ, ಕಡಿಮೆ ನೀರಿನ ಬಂಡೆಗಳ ಮೇಲೆ ನಿಂತಿದ್ದರು.

ಇಂದಿನ ಸ್ಥಿತಿ

ಅಮೆರಿಕ ಮತ್ತು ಯುರೋಪಿನ ಬಹುಪಾಲು ಪ್ರಸಿದ್ಧ ಓಟಗಳ ಹರಿವನ್ನು ಈಗ ಅಂತರಜಾಲದಲ್ಲಿ ಗಳಿಗೆಗಳಿಗೆಗೂ ನೋಡಬಹುದು. ಭಾರತದಲ್ಲಿ ಕೇಂದ್ರ ಜಲ ಆಯೋಗದ ಕೇಂದ್ರಗಳು ಮುಖ್ಯವಾಗಿ ದೊಡ್ಡ ನದಿಗಳ ಮೇಲಿವೆ, ನೆರೆ ಮುನ್ಸೂಚನೆ ಅವುಗಳ ಮೊದಲ ಕೆಲಸ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್, ಸರಿಯಾದ ನಿಯಮಾವಳಿ ರೂಪಿಸುವವರೆಗೆ ರಾಫ್ಟಿಂಗ್ ನಿಲ್ಲಿಸಬೇಕೆಂದು ಆದೇಶಿಸಿತ್ತು. ಇನ್ನೊಂದು ಕಡೆ ಜಲವಿದ್ಯುತ್ ಯೋಜನೆಗಳು ಓಟಗಳನ್ನೇ ಮುಳುಗಿಸುತ್ತಿವೆ. ಉಗಾಂಡಾದ ಬಿಳಿ ನೈಲ್‌ನಲ್ಲಿ 2012ರ ಬುಜಗಾಲಿ ಮತ್ತು 2019ರ ಇಸಿಂಬಾ ಅಣೆಕಟ್ಟುಗಳ ಹಿನ್ನೀರಿನಡಿ ಹಲವು ರಾಪಿಡ್‌ಗಳು ಹೋದವು. ಜಾಂಬಿಯಾ ಮತ್ತು ಜಿಂಬಾಬ್ವೆ ಯೋಜಿಸಿರುವ ಬಟೋಕಾ ಅಣೆಕಟ್ಟು ಎದ್ದರೆ ಜಾಂಬೆಜಿಯ ಓಟದ ಬಹುಭಾಗವೂ ಹಾಗೆಯೇ ಮುಳುಗುತ್ತದೆ. ಕಾಳಿಯಲ್ಲಿ ಆದದ್ದು ಬೇರೆ: ಸೂಪಾದ ಮೇಲಿನ ಕಣಿವೆ ಜಲಾಶಯದಡಿ ಹೋಯಿತು, ಕೆಳಗಿನ ಓಟಕ್ಕೆ ಬೇಸಿಗೆಯ ನೀರು ಬಂದದ್ದು ಅದೇ ಜಲಾಶಯದಿಂದ.